ಹಣ್ಣು, ಗುಂಡು ಮತ್ತು ಪರಂಗಿ: ಫ್ರೆಂಚ್ ‘ಗ್ರೆನಾದ್’ ಪದದ ಚರಿತ್ರೆ ಆದವಾನಿ ಸೀಮೆಯಿಂದ ಕಂಡಂತೆ

ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದಲ್ಲಿ, ತುಂಗಭದ್ರೆಯ ದಕ್ಷಿಣಕ್ಕಿರುವ ನಂದವರಂ, ಎಮ್ಮಿಗನೂರು, ಕೋಸಿಗಿ, ಆದವಾನಿ ಸೀಮೆಯಲ್ಲಿ ಒಂದೇ ಹಣ್ಣಿಗೆ ಮೂರು ಹೆಸರುಗಳಿವೆ. ಕನ್ನಡದವರಿಗೆ ಅದು ದಾಳಿಂಬೆ, ತೆಲುಗರಿಗೆ ದಾನಿಮ್ಮ, ದಖನಿ ಮನೆಮಾತಿನವರಿಗೆ ಅನಾರ್. ಒಂದೇ ಸಂತೆಯಲ್ಲಿ ಒಬ್ಬನೇ ವ್ಯಾಪಾರಿ ಮೂರು ಹೆಸರುಗಳನ್ನೂ ಬಲ್ಲವನಾಗಿರುತ್ತಾನೆ. ಕೊಳ್ಳುವವರ ಮಾತಿಗೆ ತಕ್ಕಂತೆ ಹೆಸರು ಬದಲಾಗುತ್ತದೆ, ಹಣ್ಣು ಬದಲಾಗುವುದಿಲ್ಲ.

ಇದೇ ಹಣ್ಣಿಗೆ ಫ್ರೆಂಚ್ ಭಾಷೆಯಲ್ಲಿರುವ ಹೆಸರು ‘ಗ್ರೆನಾದ್’. ಈ ಹೆಸರೂ ಈ ಸೀಮೆಯ ಜನರಿಗೆ ಪೂರ್ತಿ ಅಪರಿಚಿತವಲ್ಲ. ಇಂಗ್ಲಿಷಿನ ಮೂಲಕ ‘ಗ್ರೆನೇಡ್’ ಎಂಬ ರೂಪದಲ್ಲಿ ಅದು ಕನ್ನಡ, ತೆಲುಗು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತದೆ. ಆದರೆ ಅಲ್ಲಿ ಅದರ ಅರ್ಥ ಕೈಬಾಂಬು. ಓದುವವರಿಗೆ ಅದರೊಳಗೊಂದು ದಾಳಿಂಬೆ ಇದೆಯೆಂಬ ಸುಳಿವೂ ಸಿಗುವುದಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಆದವಾನಿಯ ಅಧಿಪತಿಯ ಸೇವೆಯಲ್ಲಿಯೇ ಫ್ರೆಂಚ್ ಪಡೆಯೊಂದಿತ್ತು ಎಂಬುದನ್ನು ನೆನೆದರೆ ಈ ಸಂಗತಿ ಇನ್ನಷ್ಟು ಕುತೂಹಲಕರವಾಗುತ್ತದೆ. ಒಂದು ಹಣ್ಣಿನ ಹೆಸರು ಹಣ್ಣನ್ನು ಹಿಂದೆ ಬಿಟ್ಟು ಆಯುಧವನ್ನಷ್ಟೇ ಹೊತ್ತು ಈ ನೆಲಕ್ಕೆ ಬಂದುದೇಕೆ?

ಪ್ರಶ್ನೆ ಚಿಕ್ಕದಾಗಿ ಕಂಡರೂ ಗಡಿಸೀಮೆಯ ಭಾಷಾಚರಿತ್ರೆಯಲ್ಲಿ ಅದಕ್ಕೆ ತೂಕವಿದೆ. ಈ ಸೀಮೆಯ ಕನ್ನಡವನ್ನು ತೆಲುಗು ಬೆರೆತದ್ದೆಂದು ಒಂದು ಕಡೆಯವರೂ, ಇಲ್ಲಿಯ ತೆಲುಗನ್ನು ಕನ್ನಡ ಬೆರೆತದ್ದೆಂದು ಇನ್ನೊಂದು ಕಡೆಯವರೂ ಕೀಳಾಗಿ ಕಾಣುವ ವಾಡಿಕೆ ಹಳೆಯದು. ಪದಗಳು ಹೇಗೆ ಬರುತ್ತವೆ, ಬರುವಾಗ ಏನನ್ನು ತರುತ್ತವೆ, ಏನನ್ನು ಬಿಡುತ್ತವೆ ಎಂಬುದು ಸ್ಪಷ್ಟವಾದರೆ ಆ ತೀರ್ಮಾನ ಎಷ್ಟು ಗಟ್ಟಿಯೆಂಬುದೂ ಗೊತ್ತಾಗುತ್ತದೆ.

ಬೀಜವುಳ್ಳ ಸೇಬು

ರೋಮನ್ನರು ದಾಳಿಂಬೆಯನ್ನು ಎರಡು ಹೆಸರುಗಳಿಂದ ಕರೆಯುತ್ತಿದ್ದರು. ಒಂದು ‘ಮಾಲುಮ್ ಪೂನಿಕುಮ್’, ಅಂದರೆ ಪ್ಯೂನಿಕರ ಸೇಬು. ಉತ್ತರ ಆಫ್ರಿಕಾದ ಕಾರ್ಥೇಜಿನ ಕಡೆಯಿಂದ ಬಂದ ಹಣ್ಣೆಂಬ ತಿಳಿವಳಿಕೆ ಅದರಲ್ಲಿದೆ. ಇನ್ನೊಂದು ‘ಮಾಲುಮ್ ಗ್ರಾನಾತುಮ್’, ಅಂದರೆ ಬೀಜವುಳ್ಳ ಸೇಬು. ಮೊದಲನೆಯದು ಹಣ್ಣಿನ ಊರನ್ನು ಹೇಳಿದರೆ ಎರಡನೆಯದು ಅದರ ಒಡಲನ್ನು ಹೇಳುತ್ತದೆ. 1753ರಲ್ಲಿ ಲಿನೇಯಸ್ ಸಸ್ಯಗಳಿಗೆ ಎರಡು ಪದಗಳ ಶಾಸ್ತ್ರೀಯ ನಾಮಗಳನ್ನು ಕೊಟ್ಟಾಗ ಈ ಎರಡನ್ನೂ ಜೋಡಿಸಿ ‘ಪ್ಯೂನಿಕಾ ಗ್ರನೇಟಮ್’ ಎಂದು ಹೆಸರಿಸಿದನು. ವಾಸ್ತವದಲ್ಲಿ ಈ ಗಿಡದ ಮೂಲ ನೆಲೆ ಆಫ್ರಿಕಾವಲ್ಲ. ಇರಾನಿನಿಂದ ಉತ್ತರ ಭಾರತದ ಹಿಮಾಲಯದ ತಪ್ಪಲಿನವರೆಗಿನ ಪ್ರದೇಶ. ಪಶ್ಚಿಮ ಹಿಮಾಲಯದಲ್ಲಿ ಇಂದಿಗೂ ಕಾಡು ದಾಳಿಂಬೆ ಬೆಳೆಯುತ್ತದೆ. ಅದರ ಹುಳಿಬೀಜವನ್ನು ಒಣಗಿಸಿ ‘ಅನಾರ್‌ದಾನಾ’ ಎಂದು ಮಾರುತ್ತಾರೆ. ಹೆಸರಿನಲ್ಲಿ ಉಳಿಯುವುದು ಹಣ್ಣು ಹುಟ್ಟಿದ ಊರಲ್ಲ, ಹೆಸರಿಟ್ಟವರಿಗೆ ಅದು ಬಂದು ತಲುಪಿದ ದಾರಿ.

‘ಗ್ರಾನಾತುಮ್’ ಎಂಬುದರ ಮೂಲ ‘ಗ್ರಾನುಮ್’, ಕಾಳು ಅಥವಾ ಬೀಜ. ಹಣ್ಣಾಗು, ಮುದಿಯಾಗು ಎಂಬ ಅರ್ಥದ ಇಂಡೋ-ಯುರೋಪಿಯನ್ ಧಾತುವಿನಿಂದ ಇದು ಬಂದಿತೆಂದು ತೌಲನಿಕ ಭಾಷಾವಿಜ್ಞಾನ ಹೇಳುತ್ತದೆ. ಸಂಸ್ಕೃತದ ‘ಜೀರ್ಣ’ವೂ ಅದೇ ಧಾತುವಿನದು. ಲ್ಯಾಟಿನ್ನಿನಲ್ಲಿ ಮಾಗಿದ ಕಾಳಾದದ್ದು ಸಂಸ್ಕೃತದಲ್ಲಿ ಹಳೆಯದಾಗಿ ಸವೆದದ್ದು. ಕನ್ನಡದಲ್ಲಿ ಅದು ಹೊಟ್ಟೆಯಲ್ಲಿ ಅರಗಿದ್ದೂ ಆಯಿತು. ಒಂದು ಪದದ ಅರ್ಥ ಎಷ್ಟು ದೂರ ಸರಿಯಬಲ್ಲದೆಂಬುದಕ್ಕೆ ಇಷ್ಟೇ ಸಾಕು.

ಹಳೆಯ ಫ್ರೆಂಚಿನಲ್ಲಿ ಈ ಹಣ್ಣು ‘ಪೊಮ್ ಗ್ರೆನಾತ್’ ಆಗಿತ್ತು. ಇಂಗ್ಲಿಷಿನವರು ಮಧ್ಯಯುಗದಲ್ಲಿ ಈ ಜೋಡುಪದವನ್ನು ಇಡಿಯಾಗಿ ತೆಗೆದುಕೊಂಡು ‘ಪಾಮಿಗ್ರನೇಟ್’ ಮಾಡಿಕೊಂಡರು. ಫ್ರೆಂಚರು ಮುಂದೆ ಸೇಬಿನ ಭಾಗವನ್ನು ಕೈಬಿಟ್ಟು, ವಿಶೇಷಣವನ್ನೇ ನಾಮಪದವಾಗಿಸಿ, ‘ಗ್ರೆನಾದ್’ ಎಂಬ ರೂಪದಲ್ಲಿ ನಿಂತರು. ಹೀಗೆ ಮೂಲತಃ ‘ಬೀಜವುಳ್ಳ’ ಎಂದಷ್ಟೇ ಹೇಳುವ ಮಾತು ಒಂದು ಹಣ್ಣಿನ ಹೆಸರಾಯಿತು.

ಇದೇ ಬೇರಿನಿಂದ ಇನ್ನೂ ಹಲವು ಟೊಂಗೆಗಳು ಒಡೆದವು. ದಾಳಿಂಬೆ ಬೀಜದ ಕಡುಗೆಂಪಿನಿಂದ ‘ಗ್ರೆನಾ’ ಎಂಬ ಬಣ್ಣದ ಹೆಸರೂ ಅದೇ ಹೆಸರಿನ ಮಣಿಯೂ ಬಂದವು. ಇಂಗ್ಲಿಷಿನ ಗಾರ್ನೆಟ್ ಅದೇ. ಭಾರತೀಯ ರತ್ನಶಾಸ್ತ್ರವೂ ಮಾಣಿಕ್ಯದ ಕೆಂಪನ್ನು ದಾಳಿಂಬೆ ಬೀಜದೊಡನೆ ಹೋಲಿಸುತ್ತದೆ. ಎರಡು ನಾಡುಗಳ ಕಣ್ಣು ಒಂದನ್ನೇ ಕಂಡಿದೆ. ಹಣ್ಣಿನ ರಸದ ಪಾನಕ ‘ಗ್ರೆನಾದಿನ್’ ಆಯಿತು. ಸ್ಪೇನಿನ ಗ್ರನಾದ ನಗರದ ಹೆಸರಿನೊಡನೆಯೂ ಈ ಹಣ್ಣು ತಳಕು ಹಾಕಿಕೊಂಡಿದೆ. ಅರಬರ ಕಾಲದಲ್ಲಿ ಆ ನಗರ ‘ಘರ್ನಾತಾ’ ಆಗಿತ್ತು. 1492ರಲ್ಲಿ ಅದನ್ನು ಗೆದ್ದ ಕ್ರೈಸ್ತ ದೊರೆಗಳು ಹೆಸರಿನ ಧ್ವನಿಸಾಮ್ಯವನ್ನು ಹಿಡಿದು ತಮ್ಮ ರಾಜಲಾಂಛನದಲ್ಲಿ ದಾಳಿಂಬೆಯೊಂದನ್ನು ಸೇರಿಸಿದರು. ಸದ್ದು ಕೂಡಿದ ಕಡೆ ಜನ ಅರ್ಥವನ್ನೂ ಕೂಡಿಸುತ್ತಾರೆ.

ಹಣ್ಣಿನಿಂದ ಗುಂಡಿಗೆ

ಹದಿನಾರನೆಯ ಶತಮಾನದಲ್ಲಿ ಫ್ರೆಂಚರ ‘ಗ್ರೆನಾದ್’ ಹೊಸದೊಂದು ಅರ್ಥವನ್ನು ಪಡೆಯಿತು. ಒಳಗೆ ಟೊಳ್ಳಾದ, ಮುಷ್ಟಿಯಲ್ಲಿ ಹಿಡಿಯುವಷ್ಟು ದೊಡ್ಡದಾದ ಕಬ್ಬಿಣದ ಗುಂಡಿಗೆ ಮದ್ದು ತುಂಬಿ, ಬತ್ತಿ ಹೊತ್ತಿಸಿ, ಶತ್ರುಗಳತ್ತ ಎಸೆಯುತ್ತಿದ್ದರು. ಗುಂಡಗಿನ ಆಕಾರ, ಗಟ್ಟಿ ಸಿಪ್ಪೆಯಂಥ ಹೊರಮೈ, ಒಳಗೆ ಇಡಿಕಿರಿದ ಮದ್ದಿನ ಹರಳು, ಸಿಡಿದಾಗ ಚೆಲ್ಲಾಡುವ ಚೂರುಗಳು, ಇವೆಲ್ಲವೂ ದಾಳಿಂಬೆಯನ್ನು ನೆನಪಿಸಿದವು. ಬತ್ತಿ ಸೇರಿಸುವ ಕುತ್ತಿಗೆ ಹಣ್ಣಿನ ನೆತ್ತಿಯ ಕಿರೀಟದಂತಿತ್ತು. ಹೋಲಿಕೆ ಕವಿಗಳದ್ದಲ್ಲ, ಸೈನಿಕರದು.

ಹೋಲಿಕೆಗೆ ರೈತರ ಅನುಭವದ ಆಧಾರವೂ ಉಂಟು. ದಾಳಿಂಬೆ ಗಿಡದಲ್ಲಿಯೇ ಬಿರಿಯುವ ಹಣ್ಣು. ಬಹಳ ದಿನ ನೀರಿನ ಕೊರತೆಯಾಗಿ ಆಮೇಲೆ ಒಮ್ಮೆಲೇ ಮಳೆಯೋ ನೀರೋ ಸಿಕ್ಕರೆ ಒಳಗಿನ ಕಾಳುಗಳು ಉಬ್ಬುತ್ತವೆ. ಗಡುಸಾದ ಸಿಪ್ಪೆ ಹಿಗ್ಗಲಾರದೆ ಸೀಳುತ್ತದೆ. ಬೋರಾನಿನ ಕೊರತೆಯೂ ಇದಕ್ಕೆ ಒಂದು ಕಾರಣ. ಕೊಪ್ಪಳ, ವಿಜಯಪುರ, ಅನಂತಪುರ ಕಡೆಯ ಒಣ ಸೀಮೆಗಳ ಬೆಳೆಗಾರರಿಗೆ ಇದು ಹಣ ಕಳೆದುಕೊಳ್ಳುವ ಸಂಗತಿ. ಸಿಡಿಯುವ ಗುಂಡಿಗೆ ಸಿಡಿಯುವ ಹಣ್ಣಿನ ಹೆಸರಿಟ್ಟವರು ಮಾಗಿದ ದಾಳಿಂಬೆಯನ್ನು ಮರದ ಮೇಲೆ ನೋಡಿದವರೇ ಇರಬೇಕು.

ಆಯುಧದ ಹೆಸರಿನಿಂದ ಆಳಿನ ಹೆಸರು ಬಂದಿತು. ಫ್ರೆಂಚಿನಲ್ಲಿ ಹಣ್ಣಿನ ಹೆಸರಿಗೆ ‘ಇಯೇ’ ಪ್ರತ್ಯಯ ಸೇರಿದರೆ ಮರದ ಹೆಸರಾಗುತ್ತದೆ: ‘ಪೊಮ್’ ಸೇಬು, ‘ಪೊಮಿಯೇ’ ಸೇಬಿನ ಮರ. ಅದೇ ಪ್ರತ್ಯಯ ಕಸುಬಿನವರನ್ನೂ ಹೇಳುತ್ತದೆ. ಹೀಗಾಗಿ ‘ಗ್ರೆನಾದಿಯೇ’ ಎಂದರೆ ದಾಳಿಂಬೆ ಗಿಡವೂ ಹೌದು, ಗುಂಡೆಸೆಯುವ ಸಿಪಾಯಿಯೂ ಹೌದು. 1667ರಲ್ಲಿ ಹದಿನಾಲ್ಕನೆಯ ಲೂಯಿಯ ಸೈನ್ಯದಲ್ಲಿ ಇಂಥವರನ್ನು ಪ್ರತ್ಯೇಕವಾಗಿ ಆರಿಸಿ ನೇಮಿಸುವ ಪದ್ಧತಿ ಆರಂಭವಾಯಿತು. ಭಾರವಾದ ಗುಂಡನ್ನು ದೂರಕ್ಕೆ ಎಸೆಯಬೇಕಾದ್ದರಿಂದ ಎತ್ತರದ, ಗಟ್ಟಿಮುಟ್ಟಾದ, ಹೆದರದ ಆಳುಗಳನ್ನೇ ತೆಗೆದುಕೊಳ್ಳುತ್ತಿದ್ದರು. ಹದಿನೆಂಟನೆಯ ಶತಮಾನದ ಹೊತ್ತಿಗೆ ಬಯಲು ಯುದ್ಧದಲ್ಲಿ ಕೈಗುಂಡಿನ ಬಳಕೆ ಬಹುಮಟ್ಟಿಗೆ ನಿಂತಿತು. ಆದರೆ ‘ಗ್ರೆನಾದಿಯೇ’ ಎಂಬ ಹೆಸರು ಮಾತ್ರ ಉಳಿದು, ಆಯ್ದ ವೀರರ ತುಕಡಿ ಎಂಬ ಗೌರವದ ಅರ್ಥವನ್ನು ಪಡೆಯಿತು. ಭಾರತೀಯ ಸೇನೆಯ ‘ಗ್ರೆನೇಡಿಯರ್ಸ್’ ರೆಜಿಮೆಂಟಿನ ಹೆಸರಿನಲ್ಲಿ ಇಂದಿಗೂ ಉಳಿದಿರುವುದು ಈ ಅರ್ಥವೇ. ಉರಿಯುವ ಗುಂಡಿನ ಚಿತ್ರ ಫ್ರಾನ್ಸಿನ ಜಾಂದಾರ್ಮ್ ಪಡೆಯ ಲಾಂಛನವಾಗಿ ಉಳಿದಿದೆ.

ಹಣ್ಣಿಗೂ ಮದ್ದುಗುಂಡಿಗೂ ಗಂಟುಹಾಕಿದವರು ಫ್ರೆಂಚರೊಬ್ಬರೇ ಅಲ್ಲ. ಚೀನಿಯರೂ ಜಪಾನಿಯರೂ ಕೈಬಾಂಬಿಗೆ ಬರೆಯುವ ಅಕ್ಷರಗಳ ಅರ್ಥ ‘ಕೈ-ದಾಳಿಂಬೆ-ಗುಂಡು’ ಎಂದು. ಹೀಬ್ರೂವಿನ ‘ರಿಮೋನ್’ ಹಣ್ಣೂ ಹೌದು, ಕೈಬಾಂಬೂ ಹೌದು. ಪರ್ಷಿಯನ್ನರು ದಾಳಿಂಬೆಯನ್ನು ಬಿಟ್ಟು ಕಿತ್ತಳೆಯ ಜಾತಿಯತ್ತ ಹೋದರು: ಅವರ ‘ನಾರಂಜಕ್’ ಎಂದರೆ ಪುಟ್ಟ ನಾರಂಗಿ. ಆ ‘ನಾರಂಗ’ ಪದಕ್ಕೆ ದ್ರಾವಿಡ ಮೂಲವನ್ನು ಹೇಳುವ ವಿದ್ವಾಂಸರಿದ್ದಾರೆ ಎಂಬುದನ್ನು ಇಲ್ಲಿ ನೆನೆಯಬಹುದು. ಇತ್ತ ಹಿಂದುಸ್ತಾನಿಯಲ್ಲಿ ‘ಅನಾರ್’ ಎಂದರೆ ಹಣ್ಣಲ್ಲದೆ ದೀಪಾವಳಿಯಲ್ಲಿ ಹಚ್ಚುವ ಒಂದು ಬಾಣಬಿರುಸೂ ಆಗಿದೆ. ಕನ್ನಡದವರು ಹೂಕುಂಡವೆಂದೂ ತೆಲುಗರು ಚಿಚ್ಚುಬುಡ್ಡಿಯೆಂದೂ ಕರೆಯುವ, ಬೆಂಕಿಯ ಹೂವನ್ನು ಮೇಲಕ್ಕೆ ಚಿಮ್ಮಿಸುವ ಮಣ್ಣಿನ ಕುಡಿಕೆ ಅದು. ಯುರೋಪಿನಲ್ಲಿ ಕೊಲ್ಲುವ ಮದ್ದಿಗೆ ಅಂಟಿದ ಹೆಸರು ಇಲ್ಲಿ ಹಬ್ಬದ ಮದ್ದಿಗೆ ಅಂಟಿತು. ಕಲ್ಪನೆ ಒಂದೇ, ಬಳಸಿದ ಸಂದರ್ಭ ಬೇರೆ.

ದಾಳಿಂಬೆ, ದಾನಿಮ್ಮ, ಕರಕ

ಸಂಸ್ಕೃತದಲ್ಲಿ ಈ ಹಣ್ಣು ‘ದಾಡಿಮ’. ಪ್ರಾಕೃತ ಮತ್ತು ಪಾಲಿಯಲ್ಲಿ ‘ದಾಲಿಮ’. ಮರಾಠಿಯ ‘ಡಾಳಿಂಬ’, ಕನ್ನಡದ ‘ದಾಳಿಂಬ’, ‘ದಾಳಿಂಬರ’, ‘ದಾಳಿಂಬೆ’, ತೆಲುಗಿನ ‘ದಾನಿಮ್ಮ’ ಇವೆಲ್ಲ ಒಂದೇ ಕುಲದವು. ತಮಿಳಿನ ‘ಮಾದುಳೈ’, ಮಲಯಾಳದ ‘ಮಾತಳಂ’ ಬೇರೆಯ ದಾರಿ ಹಿಡಿದಿವೆ.

ಕನ್ನಡ, ತೆಲುಗು ರೂಪಗಳ ನಡುವಿನ ಸಂಬಂಧವನ್ನು ತುಸು ನಿಂತು ನೋಡಬೇಕು. ಕನ್ನಡದಲ್ಲಿ ‘ಂಬ’ ಇರುವೆಡೆ ತೆಲುಗಿನಲ್ಲಿ ‘ಮ್ಮ’ ಬರುವುದು ಈ ಎರಡು ಭಾಷೆಗಳ ನಡುವೆ ವ್ಯಾಪಕವಾಗಿ ಕಾಣುವ ಹೊಂದಿಕೆ. ಕೊಂಬೆ – ಕೊಮ್ಮ, ನಿಂಬೆ – ನಿಮ್ಮ, ತುಂಬೆ – ತುಮ್ಮಿ, ನಂಬು – ನಮ್ಮು, ಅಂಬು – ಅಮ್ಮು, ಕುಂಬಾರ – ಕುಮ್ಮರಿ. ದಾಳಿಂಬೆ – ದಾನಿಮ್ಮ ಎಂಬ ಜೋಡಿ ಈ ಸಾಲಿನಲ್ಲಿ ನೆಟ್ಟಗೆ ಕೂರುತ್ತದೆ. ಹೊರಗಿನಿಂದ ಬಂದ ಪದವೊಂದನ್ನು ಎರಡೂ ಭಾಷೆಗಳು ತಮ್ಮ ಮನೆಯ ಪದಗಳಂತೆಯೇ ನಡೆಸಿಕೊಂಡಿವೆ. ತೆಲುಗಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪದದ ಕೊನೆಯ ಭಾಗ ನಿಂಬೆಯ ಹೆಸರಾದ ‘ನಿಮ್ಮ’ದ ರೂಪವನ್ನೇ ತಾಳಿದೆ, ಹುಳಿಸಿಹಿಯ ರಸದ ಹಣ್ಣನ್ನು ನಿಂಬೆಯ ನೆಂಟನೆಂದು ಜನ ಬಗೆದದ್ದು ಸಹಜವೇ.

ಹೋಲಿಕೆಗಳ ವಿಷಯದಲ್ಲಿ ಭಾರತೀಯ ಭಾಷೆಗಳ ಕಣ್ಣು ಬೀಜದ ಸಾಲಿನ ಮೇಲೆ ಬಿತ್ತು. ಸಂಸ್ಕೃತ ನಿಘಂಟುಗಳಲ್ಲಿ ಈ ಹಣ್ಣಿಗೆ ‘ದಂತಬೀಜ’ ಎಂಬ ಹೆಸರೂ ಇದೆ. ಒತ್ತೊತ್ತಾಗಿ ಜೋಡಿಸಿಟ್ಟ ಕಾಳುಗಳು ಹಲ್ಲಿಗೆ ಉಪಮಾನವಾಗಿ ಕಾವ್ಯದಲ್ಲಿಯೂ ಜನರ ಮಾತಿನಲ್ಲಿಯೂ ನೆಲೆಯಾದವು. ಆದವಾನಿ ಸೀಮೆಯಂಥ ದ್ವಿಭಾಷಾ ಪ್ರದೇಶದಲ್ಲಿ ಈ ಉಪಮೆಗೆ ಇನ್ನೊಂದು ಸ್ವಾರಸ್ಯ ಸೇರುತ್ತದೆ. ತೆಲುಗಿನಲ್ಲಿ ಹಲ್ಲು ‘ಪನ್ನು’, ಬಹುವಚನ ‘ಪಳ್ಳು’. ಹಣ್ಣು ‘ಪಂಡು’, ಅದರ ಬಹುವಚನ ‘ಪಂಡ್ಲು’ ಆಡುಮಾತಿನಲ್ಲಿ ‘ಪಳ್ಳು’ ಎಂದೇ ಕೇಳಿಸುತ್ತದೆ. ದಾನಿಮ್ಮದ ಕಾಳಿನಂಥ ಪಳ್ಳು ಎಂದಾಗ ಹಲ್ಲೂ ಹಣ್ಣೂ ಒಂದೇ ಉಸಿರಿನಲ್ಲಿ ಬರುತ್ತವೆ. ಹಲ್ಲು, ಹಣ್ಣು ಎಂದು ಬೇರೆಬೇರೆಯಾಗಿ ಹೇಳುವ ಕನ್ನಡದಲ್ಲಿ ಈ ಶ್ಲೇಷೆ ಹುಟ್ಟುವುದಿಲ್ಲ. ಎರಡೂ ಮಾತು ಬಲ್ಲವರಿಗೆ ಮಾತ್ರ ಅದು ದಕ್ಕುತ್ತದೆ.

ಅಮರಕೋಶ ದಾಡಿಮಕ್ಕೆ ಕೊಡುವ ಇನ್ನೊಂದು ಪರ್ಯಾಯ ‘ಕರಕ’. ಈ ಪದಕ್ಕೆ ನೀರಿನ ಪಾತ್ರೆ, ಕಮಂಡಲು ಎಂಬ ಅರ್ಥವೂ ಉಂಟು. ಬೆಂಗಳೂರಿನ ಕರಗದ ಹೆಸರನ್ನು ಇದರೊಡನೆಯೇ ಹೊಂದಿಸುತ್ತಾರೆ. ‘ಕರಕಾ’ ಎಂದರೆ ಆಲಿಕಲ್ಲು. ಗುಂಡಗಿನ ಪಾತ್ರೆ, ಗುಂಡಗಿನ ಹಣ್ಣು, ಗುಂಡಗೆ ಬೀಳುವ ಮಂಜಿನ ಹರಳು ಒಂದೇ ಪದದ ಸುತ್ತ ನೆರೆದಿವೆ. ಫ್ರೆಂಚರ ಗ್ರೆನಾದ್ ಹಣ್ಣಿನ ಒಳಗನ್ನು, ಅಂದರೆ ಕಾಳನ್ನು, ಹಿಡಿದು ಹೊರಟಿತು. ಕರಕ ಹೊರಗನ್ನು, ಅಂದರೆ ಆಕಾರವನ್ನು, ಹಿಡಿಯಿತು. ಮೊಗಲರ ಕಾಲದ ಭಾರತದಲ್ಲಿ ಕೈಯಿಂದ ಎಸೆಯುವ ಬೆಂಕಿಗುಂಡಿಗೆ ‘ಹುಕ್ಕಾ’ ಎಂಬ ಹೆಸರಿತ್ತು. ಅದರ ಮೂಲಾರ್ಥವೂ ಕರಂಡಕ, ಕುಡಿಕೆ ಎಂಬುದೇ. ಅಂದರೆ ಕೈಗುಂಡು ಈ ನೆಲಕ್ಕೆ ಹೊಸತಾಗಿರಲಿಲ್ಲ. ಅದಕ್ಕೆ ಹಣ್ಣಿನ ಹೆಸರು ಇರಲಿಲ್ಲ ಅಷ್ಟೆ.

ಆದವಾನಿಯಲ್ಲಿ ಫ್ರೆಂಚರು

ಫ್ರೆಂಚರಿಗೂ ಈ ಸೀಮೆಗೂ ಇದ್ದ ಸಂಬಂಧ ಆರಂಭದಿಂದಲೂ ಸೈನಿಕ ಸಂಬಂಧ. 1751ರ ಆರಂಭದಲ್ಲಿ ರಾಯಚೋಟಿಯ ಬಳಿ ನಡೆದ ಕಾಳಗದಲ್ಲಿ ಮುಜಫರ್ ಜಂಗ್ ಸತ್ತ ಮೇಲೆ, ಫ್ರೆಂಚ್ ಸೇನಾನಿ ಬುಸ್ಸಿ ನಿಜಾಮ-ಉಲ್-ಮುಲ್ಕನ ಮಗ ಸಲಾಬತ್ ಜಂಗನನ್ನು ಮುಂದಿಟ್ಟುಕೊಂಡು ಹೈದರಾಬಾದಿನತ್ತ ನಡೆದನು. ದಾರಿಯಲ್ಲಿ ಅವನ ಪಡೆ ಕರ್ನೂಲನ್ನು ಮುತ್ತಿ ವಶಪಡಿಸಿಕೊಂಡಿತು.

ಸಲಾಬತ್ ಜಂಗನ ತಮ್ಮ ಬಸಾಲತ್ ಜಂಗ್ ಆದವಾನಿಯನ್ನು ತನ್ನ ಕೇಂದ್ರವಾಗಿಸಿಕೊಂಡು 1782ರಲ್ಲಿ ತೀರಿಕೊಳ್ಳುವವರೆಗೂ ಆಳಿದನು. ಅವನ ಸೇವೆಯಲ್ಲಿ ಲಾಲಿ ಎಂಬ ಅಧಿಕಾರಿಯ ಕೈಕೆಳಗೆ ಫ್ರೆಂಚ್ ಪಡೆಯೊಂದಿತ್ತು. ವಾಂಡಿವಾಶದಲ್ಲಿ ಸೋತು ಮುಂದೆ ಪ್ಯಾರಿಸಿನಲ್ಲಿ ಮರಣದಂಡನೆಗೆ ಗುರಿಯಾದ ಕೌಂಟ್ ಲಾಲಿ ಬೇರೆ, ಈತ ಬೇರೆ. 1770ರ ದಶಕದಲ್ಲಿ ಬಳ್ಳಾರಿಯ ಪಾಳೆಯಗಾರನ ಮೇಲೆ ಬಸಾಲತ್ ಜಂಗ್ ದಂಡು ಕಳುಹಿಸಿದಾಗ ಈ ಲಾಲಿ ಅದರಲ್ಲಿದ್ದನು. ಹೈದರಲಿ ಅನಿರೀಕ್ಷಿತವಾಗಿ ಬಂದೆರಗಿ ಆ ದಂಡನ್ನು ಚದುರಿಸಿ ಬಳ್ಳಾರಿಯನ್ನು ತಾನೇ ತೆಗೆದುಕೊಂಡನು. ಮದರಾಸಿನ ಇಂಗ್ಲಿಷರಿಗೆ ಆದವಾನಿಯ ಫ್ರೆಂಚ್ ಪಡೆ ಕಣ್ಣಿಗೆ ಬಿದ್ದ ಕಸವಾಗಿತ್ತು. 1779ರಲ್ಲಿ ಗುಂಟೂರಿನ ವಿಷಯದಲ್ಲಿ ಬಸಾಲತ್ ಜಂಗನೊಡನೆ ಒಪ್ಪಂದ ಮಾಡಿಕೊಂಡಾಗ ಆ ಪಡೆಯನ್ನು ಹೊರಹಾಕಿಸುವುದೂ ಅವರ ಉದ್ದೇಶಗಳಲ್ಲಿ ಒಂದಾಗಿತ್ತು. ಲಾಲಿ ಹೈದರಲಿಯ ಕಡೆ ಸೇರಿದನು. 1780ರ ಪೊಳ್ಳಿಲೂರು ಯುದ್ಧದಲ್ಲಿ ಮೈಸೂರಿನ ಪರವಾಗಿ ಅವನ ಪಡೆ ಹೋರಾಡಿತು. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ ಆ ಯುದ್ಧದ ಚಿತ್ರ ಇಂದಿಗೂ ಇದೆ. 1786ರಲ್ಲಿ ಟಿಪ್ಪು ಆದವಾನಿಯನ್ನು ಮುತ್ತಿ ಗೆದ್ದು ಅದರ ಕೋಟೆಯನ್ನು ಕೆಡವಿಸಿದನು. ಬಳ್ಳಾರಿ ಕೋಟೆಯನ್ನು ಕಟ್ಟಿಕೊಟ್ಟ ಫ್ರೆಂಚ್ ಎಂಜಿನಿಯರನೊಬ್ಬನನ್ನು, ಎದುರಿನ ಕುಂಬಾರಗುಡ್ಡ ಕೋಟೆಗಿಂತ ಎತ್ತರವಿರುವುದನ್ನು ಗಮನಿಸದೆ ಹೋದ ತಪ್ಪಿಗಾಗಿ, ಹೈದರಲಿ ಗಲ್ಲಿಗೇರಿಸಿದನೆಂಬ ಐತಿಹ್ಯ ಈ ಭಾಗದಲ್ಲಿ ಬಹಳ ಪ್ರಚಾರದಲ್ಲಿದೆ.

ಹೀಗೆ ಈ ಸೀಮೆಯ ಜನ ಕಂಡ ಫ್ರೆಂಚರು ತೋಪಿನವರು, ಬಂದೂಕಿನವರು, ಕೋಟೆ ಕಟ್ಟುವವರು. ತೋಟದ ವಿಷಯದಲ್ಲಿ ಫ್ರೆಂಚರೊಡನೆ ವ್ಯವಹರಿಸಿದ ಉದಾಹರಣೆ ಮೈಸೂರಿನಲ್ಲಿದೆ: 1788ರಲ್ಲಿ ಹದಿನಾರನೆಯ ಲೂಯಿಯ ಆಸ್ಥಾನಕ್ಕೆ ಹೋದ ಟಿಪ್ಪುವಿನ ರಾಯಭಾರಿಗಳು ಕುಶಲಕರ್ಮಿಗಳ ಜೊತೆಗೆ ಗಿಡ, ಬೀಜಗಳನ್ನೂ ಕೇಳಿದ್ದರು. ಆದರೆ ದಾಳಿಂಬೆಗೆ ಹೊಸ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಫ್ರೆಂಚ್ ಭಾಷೆ ಹುಟ್ಟುವ ಮೊದಲೇ ಆ ಹಣ್ಣು ಈ ದೇಶದಲ್ಲಿ ಹೆಸರು ಪಡೆದಿತ್ತು. ಇಲ್ಲಿ ಎರಡು ನಿಯಮಗಳು ಹೊರಡುತ್ತವೆ. ಪದ ಬರುವಾಗ ಅದನ್ನು ತಂದವರ ಕೈಯಲ್ಲಿದ್ದ ಅರ್ಥವಷ್ಟೇ ಬರುತ್ತದೆ. ಉಳಿದ ಅರ್ಥಗಳು ತವರಿನಲ್ಲಿಯೇ ಉಳಿಯುತ್ತವೆ. ಮತ್ತು, ವಸ್ತು ಮೊದಲ ಬಾರಿಗೆ ಬರುವೆಡೆ ಹೊಸ ಹೆಸರಿಗೆ ಸುಲಭವಾಗಿ ಜಾಗ ಸಿಗುತ್ತದೆ. ಹಳೆಯ ವಸ್ತುವಿನ ಬಾಗಿಲಲ್ಲಿ ಅದು ಕಾಯುತ್ತ ನಿಲ್ಲುತ್ತದೆ.

ಪೋರ್ಚುಗೀಸ್ ಭಾಷೆ ಮೊದಲ ನಿಯಮವನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಅದರಲ್ಲಿ ಹಣ್ಣಿನ ಹೆಸರೇ ಬೇರೆ, ‘ರೊಮಾಂ’. ‘ಗ್ರನಾದ’ ಎಂದರೆ ಗುಂಡು ಮಾತ್ರ. ಪಶ್ಚಿಮ ಕರಾವಳಿಗೆ ಪೋರ್ಚುಗೀಸರ ಮೂಲಕ ಈ ಪದ ಬಂದಿದ್ದರೂ ಹಣ್ಣಿನ ಅರ್ಥ ಬರುವ ಸಂಭವವೇ ಇರಲಿಲ್ಲ. ದಕ್ಷಿಣ ಕನ್ನಡದ ಉತ್ಸವಗಳಲ್ಲಿ ಸಿಡಿಸುವ ‘ಗರ್ನಾಲು’ ಎಂಬ ಸದ್ದಿನ ಮದ್ದಿನ ಹೆಸರನ್ನು ಈ ‘ಗ್ರನಾದ’ದೊಡನೆ ಹೋಲಿಸುವ ಆಸೆ ಸಹಜ. ಆದರೆ ಕೊಳವೆಯ ಅರ್ಥದ ‘ನಾಳ’, ‘ನಾಲಿ’ಗಳೂ ಅದರಲ್ಲಿ ಕೇಳಿಸುತ್ತವೆ. ಧ್ವನಿಸಾಮ್ಯ ವ್ಯುತ್ಪತ್ತಿಯ ಆರಂಭ ಮಾತ್ರ, ತೀರ್ಪಲ್ಲ. ಗ್ರನಾದ ನಗರದ ಲಾಂಛನವೇ ಅದಕ್ಕೆ ಎಚ್ಚರಿಕೆ.

ಪರಂಗಿ: ಕನ್ನಡದ ಗ್ರೆನಾದ್

ಒಂದೇ ಪದದಲ್ಲಿ ಹಣ್ಣನ್ನೂ ಆಯುಧವನ್ನೂ ಇಟ್ಟುಕೊಂಡ ಭಾಷೆ ಫ್ರೆಂಚ್ ಎಂದು ಬೆರಗಾಗುವವರು ಕನ್ನಡವನ್ನು ಮರೆತಿರುತ್ತಾರೆ. ಕನ್ನಡದಲ್ಲಿ ಈ ಕೆಲಸ ಮಾಡಿರುವ ಪದ ‘ಪರಂಗಿ’. ಅದು ಫ್ರೆಂಚರ ಹೆಸರಿನ ನಂಟಿನದೇ ಆಗಿದೆ ಎಂಬುದು ವಿಶೇಷ.

‘ಫ್ರಾಂಕ್’ ಎಂಬುದು ಒಂದು ಜರ್ಮಾನಿಕ್ ಬುಡಕಟ್ಟಿನ ಹೆಸರು. ಅದರಿಂದ ಫ್ರಾನ್ಸ್ ಎಂಬ ದೇಶದ ಹೆಸರೂ ಫ್ರೆಂಚ್ ಎಂಬ ಭಾಷೆಯ ಹೆಸರೂ ಬಂದವು. ಧರ್ಮಯುದ್ಧಗಳ ಕಾಲದಲ್ಲಿ ಅರಬರಿಗೆ ಪಶ್ಚಿಮ ಯುರೋಪಿನವರೆಲ್ಲ ‘ಇಫ್ರಂಜ್’ ಆದರು. ಪರ್ಷಿಯನ್ನಿನಲ್ಲಿ ‘ಫರಂಗಿ’ ಎಂಬ ರೂಪ ನೆಲೆಗೊಂಡಿತು. ಪೋರ್ಚುಗೀಸರು ಭಾರತದ ತೀರಕ್ಕೆ ಬಂದಾಗ ಈ ಹೆಸರು ಅವರಿಗಾಗಿ ಸಿದ್ಧವಾಗಿತ್ತು. ಕನ್ನಡದಲ್ಲಿ ಅದು ಎರಡು ರೂಪಗಳಲ್ಲಿ ಉಳಿದಿದೆ. ‘ಪರಂಗಿ’ ಎಂಬುದು ತಮಿಳು, ಮಲಯಾಳಗಳಲ್ಲಿಯೂ ಕಾಣುವ, ದಕ್ಷಿಣದ ನಾಲಿಗೆಗೆ ಒಗ್ಗಿದ ರೂಪ. ‘ಫಿರಂಗಿ’ ಎಂಬುದು ಮರಾಠಿ, ದಖನಿ ಮೊದಲಾದವುಗಳ ನೆರೆಯಲ್ಲಿ ಮಹಾಪ್ರಾಣವನ್ನು ಉಳಿಸಿಕೊಂಡ ರೂಪ.

ಎರಡನೆಯದು ಆಯುಧವಾಯಿತು. ಫಿರಂಗಿ ಎಂದರೆ ಕನ್ನಡದಲ್ಲಿ ತೋಪು. ಬಾಬರನ ಆತ್ಮಕಥನದಲ್ಲಿಯೂ ಈ ಹೆಸರು ಒಂದು ಬಗೆಯ ತೋಪಿಗೆ ಬಳಕೆಯಾಗಿದೆ. ನಂದವರಂನಿಂದ ನೋಡಿದರೆ ತುಂಗಭದ್ರೆಯ ಆಚೆಗೆ ಇರುವ ರಾಯಚೂರಿನಲ್ಲಿ 1520ರಲ್ಲಿ ಕೃಷ್ಣದೇವರಾಯನ ಮುತ್ತಿಗೆ ನಡೆದಾಗ ಕ್ರಿಸ್ತೊವಾವ್ ದೆ ಫಿಗೆರೆದೊ ಎಂಬ ಪೋರ್ಚುಗೀಸನೂ ಅವನ ಸಂಗಡಿಗರೂ ಬಂದೂಕು ಹಿಡಿದು ನೆರವಾದುದನ್ನು ನೂನಿಜ್ ಬರೆದಿದ್ದಾನೆ. ಪರಂಗಿಯರೆಂದರೆ ಮದ್ದುಗುಂಡು ಬಲ್ಲವರು ಎಂಬ ತಿಳಿವಳಿಕೆ ಈ ದೋಆಬಿನಲ್ಲಿ ಬುಸ್ಸಿಗಿಂತ ಎರಡು ಶತಮಾನ ಹಳೆಯದು.

ಮೊದಲನೆಯದು ಹಣ್ಣಾಯಿತು. ಉಷ್ಣವಲಯದ ಅಮೆರಿಕದ ಪಪ್ಪಾಯಿ ಐರೋಪ್ಯರ ಹಡಗುಗಳ ಮೂಲಕ ಏಷ್ಯಾಕ್ಕೆ ಬಂದಿತು; ಹದಿನಾರನೆಯ ಶತಮಾನದ ಕೊನೆಗೆ ಡಚ್ ಪ್ರವಾಸಿ ಲಿನ್ಸ್‌ಚೋಟೆನ್ ಭಾರತದಲ್ಲಿ ಅದರ ಬೆಳೆಯ ಬಗ್ಗೆ ಬರೆದನು. ಕನ್ನಡಿಗರು ಅದನ್ನು ಪರಂಗಿ ಹಣ್ಣು ಎಂದರು. ತಮಿಳಿನಲ್ಲಿ ‘ಪರಂಗಿಕ್ಕಾಯ್’ ಎಂದರೆ ಕುಂಬಳಜಾತಿಯ ಕಾಯಿ. ಅದೂ ಅಮೆರಿಕದಿಂದಲೇ ಬಂದದ್ದು. ಅಂದರೆ ‘ಪರಂಗಿ’ ಎಂಬುದು ಒಂದು ಕಾಯಿಯ ಗುಣವನ್ನು ಹೇಳುವ ಮಾತಾಗಿರಲಿಲ್ಲ, ಹೊಸತಾಗಿ ಬಂದದ್ದು ಎಂಬ ಗುರುತಾಗಿತ್ತು. ಕನ್ನಡ ಆ ಗುರುತನ್ನು ಒಂದು ಹಣ್ಣಿಗೆ ಅಂಟಿಸಿತು, ತಮಿಳು ಇನ್ನೊಂದು ಕಾಯಿಗೆ. ರೋಮನ್ನರ ‘ಪ್ಯೂನಿಕರ ಸೇಬು’ ಹುಟ್ಟಿದ್ದೂ ಹೀಗೆಯೇ.

ಮೂರನೆಯ ಅರ್ಥವೂ ಇದೆ, ಕಹಿಯಾದದ್ದು. ಐರೋಪ್ಯರೊಡನೆ ಬಂದ ಲೈಂಗಿಕ ರೋಗವನ್ನು ಹದಿನಾರನೆಯ ಶತಮಾನದ ‘ಭಾವಪ್ರಕಾಶ’ ‘ಫಿರಂಗ ರೋಗ’ ಎಂದು ಕರೆಯಿತು. ಕನ್ನಡದಲ್ಲಿ ಅದು ಪರಂಗಿ ಹುಣ್ಣು. ಅದಕ್ಕೆ ಮದ್ದಾಗಿ ಬಳಕೆಗೆ ಬಂದ ಬೇರು ಪರಂಗಿ ಚಕ್ಕೆ. ಹಣ್ಣು, ತೋಪು, ರೋಗ, ಔಷಧ ನಾಲ್ಕೂ ಒಂದೇ ಜನರ ಹೆಸರನ್ನು ಹೊತ್ತಿವೆ. ಸಮಾಜವೊಂದು ಹೊರಗಿನವರಿಂದ ಪಡೆದುದೆಲ್ಲದರ ಲೆಕ್ಕವನ್ನು ಈ ಒಂದು ಪದ ಬರೆದಿಟ್ಟಿದೆ.

ಗ್ರೆನಾದ್ ಮತ್ತು ಪರಂಗಿಗಳನ್ನು ಅಕ್ಕಪಕ್ಕದಲ್ಲಿಟ್ಟರೆ ವ್ಯತ್ಯಾಸವೂ ತಿಳಿಯುತ್ತದೆ. ಫ್ರೆಂಚಿನಲ್ಲಿ ಹಣ್ಣಿನಿಂದ ಆಯುಧಕ್ಕೆ ಅರ್ಥ ಸಾಗಿದ್ದು ಆಕಾರದ ಹೋಲಿಕೆಯಿಂದ. ಕನ್ನಡದಲ್ಲಿ ಹಣ್ಣಿಗೂ ಆಯುಧಕ್ಕೂ ಯಾವ ಹೋಲಿಕೆಯೂ ಇಲ್ಲ; ಎರಡನ್ನೂ ತಂದವರು ಒಬ್ಬರೇ ಎಂಬ ನೆನಪಷ್ಟೇ ಇದೆ. ಒಂದು ಕಣ್ಣಿನ ಕೆಲಸ, ಇನ್ನೊಂದು ಚರಿತ್ರೆಯ ಕೆಲಸ. ಫ್ರೆಂಚರು ದಾಳಿಂಬೆಯನ್ನು ತಂದಿರಲಿಲ್ಲವಾದ್ದರಿಂದ ಗ್ರೆನಾದಿನ ಹಣ್ಣು ಆದವಾನಿಗೆ ಬರಲಿಲ್ಲ. ಪರಂಗಿಯರು ಪಪ್ಪಾಯಿಯನ್ನು ತಂದರಾದ್ದರಿಂದ ಅವರ ಹೆಸರು ಹಿತ್ತಿಲ ಮರದಲ್ಲಿ ಉಳಿಯಿತು.

ಗಡಿಯ ಪದಕೋಶ

1800ರಲ್ಲಿ ನಿಜಾಮನು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟನು. ಆಮೇಲೆ ಆದವಾನಿ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿ ಒಂದೂವರೆ ಶತಮಾನ ಕಳೆಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ ಬಳ್ಳಾರಿಯೂ ಸೇರಿದಂತೆ ಉಳಿದವು ಮೈಸೂರಿಗೂ ಹೋದವು. ಆ ಹೊತ್ತಿನ ವಾದಗಳಲ್ಲಿ ಭಾಷಿಕರ ಎಣಿಕೆ ಮುಖ್ಯ ಆಧಾರವಾಗಿತ್ತು. ಎಣಿಕೆಗೆ ಪ್ರತಿಯೊಬ್ಬರೂ ಒಂದೇ ಭಾಷೆಯವರಾಗಿರಬೇಕು. ಸಂತೆಯಲ್ಲಿ ದಾಳಿಂಬೆ, ದಾನಿಮ್ಮ, ಅನಾರ್ ಮೂರನ್ನೂ ಆಡುವವರಿಗೆ ಆ ಪಟ್ಟಿಯಲ್ಲಿ ಪ್ರತ್ಯೇಕ ಸಾಲು ಇರಲಿಲ್ಲ.

ಆಡಳಿತಕ್ಕೆ ಅಂಥ ಎಣಿಕೆ ಅಗತ್ಯವಿದ್ದಿರಬಹುದು. ಭಾಷಾಚರಿತ್ರೆಗೆ ಅದು ಸಾಲದು. ಈ ಸೀಮೆಯ ಕನ್ನಡದಲ್ಲಿ ತೆಲುಗು ಪದಗಳಿವೆ ಎಂಬುದನ್ನು ದೋಷವೆನ್ನುವವರು ದಾಳಿಂಬೆಯನ್ನು ಯಾವ ಭಾಷೆಯ ಲೆಕ್ಕಕ್ಕೆ ಬರೆಯುತ್ತಾರೆ? ಪರಂಗಿಯನ್ನು? ತೋಟಾದ ಇನ್ನೊಂದು ಹೆಸರಾದ ‘ಕಾಡತೂಸು’ ಪೋರ್ಚುಗೀಸ್ ನಂಟಿನದು, ‘ತುಪಾಕಿ’ ತುರ್ಕಿ ಮೂಲದ್ದು, ‘ತೋಪು’ ಅದೇ ದಾರಿಯದು. ಶುದ್ಧವೆಂದು ಎಣಿಸಲಾದ ಕನ್ನಡದಲ್ಲಿಯೂ ಇವು ಯಾರ ತಕರಾರೂ ಇಲ್ಲದೆ ಕೂತಿವೆ. ದೂರದಿಂದ ಬಂದ ಪದಕ್ಕೆ ಸಿಕ್ಕ ಮನ್ನಣೆ ಪಕ್ಕದ ಮನೆಯಿಂದ ಬಂದ ಪದಕ್ಕೆ ಸಿಕ್ಕಿಲ್ಲ. ಅದಕ್ಕೆ ಭಾಷೆಯಲ್ಲಿ ಕಾರಣವಿಲ್ಲ, ಕಾರಣ ಗಡಿಯಲ್ಲಿದೆ.

ಇದರಿಂದ ಪದಕೋಶ ರಚಿಸುವವರಿಗೊಂದು ಸೂಚನೆ ಸಿಗುತ್ತದೆ. ಗಡಿಸೀಮೆಯ ಪದವೊಂದನ್ನು ದಾಖಲಿಸುವಾಗ ಅದು ಯಾವ ಭಾಷೆಯದು ಎಂಬುದೊಂದನ್ನೇ ಬರೆದರೆ ಚರಿತ್ರೆಯ ಅರ್ಧ ಕಳೆದುಹೋಗುತ್ತದೆ. ಯಾರ ಮೂಲಕ ಬಂತು, ಯಾವ ಕಸುಬಿನೊಡನೆ ಬಂತು, ಬರುವಾಗ ಯಾವ ಅರ್ಥವನ್ನು ಹಿಂದೆ ಬಿಟ್ಟಿತು, ಬಂದ ಮೇಲೆ ಇಲ್ಲಿಯ ಯಾವ ಪದದ ನೆಂಟಸ್ತಿಕೆ ಮಾಡಿತು ಎಂಬುವೂ ಅದರ ಜೊತೆಗೆ ಬರಬೇಕು. ಇಂಗ್ಲಿಷನ್ನು ನಡುವೆ ಇಟ್ಟು ಮಾಡುವ ಕೋಶಗಳಲ್ಲಿ ‘ಗ್ರೆನೇಡ್’ ಎದುರು ಕೈಬಾಂಬು ಎಂದು ಬರೆದು ಮುಗಿಸುವುದು ತಪ್ಪಲ್ಲ. ಆದರೆ ಅದನ್ನು ಓದಿದವರಿಗೆ ಪುಟ ತಿರುಗಿಸಿದರೆ ಸಿಗುವ ದಾಳಿಂಬೆ ಅದರದೇ ಮೊದಲ ಅರ್ಥವೆಂದು ಎಂದಿಗೂ ತಿಳಿಯದು.

ದಾಳಿಂಬೆಗೂ ಈಗ ಹೊಸ ಹೆಸರುಗಳು ಬಂದಿವೆ. ಪುಣೆಯ ಗಣೇಶಖಿಂಡದಲ್ಲಿ ಆಯ್ದ ತಳಿ ‘ಗಣೇಶ’ ಎಂದೂ ಸಿಪ್ಪೆಯ ಕೇಸರಿಗೆಂಪಿನಿಂದ ಮತ್ತೊಂದು ‘ಭಗವಾ’ ಎಂದೂ ಹೆಸರಾಗಿವೆ. ಬೀಜ ಮೆತ್ತಗಾದಷ್ಟೂ ಮಾರುಕಟ್ಟೆಯಲ್ಲಿ ಬೆಲೆ ಹೆಚ್ಚು; ‘ಸೀಡ್‌ಲೆಸ್’ ಎಂಬ ಹೆಸರಿನ ತಳಿಗಳೂ ಇವೆ. ಬೀಜವುಳ್ಳದ್ದು ಎಂಬ ಕಾರಣಕ್ಕೆ ಲ್ಯಾಟಿನ್ನಿನಲ್ಲಿ ಹೆಸರು ಪಡೆದ ಹಣ್ಣು ಬೀಜವಿಲ್ಲದ್ದೆಂದು ಮಾರಾಟವಾಗುತ್ತಿದೆ. ನಂದವರಂ, ಎಮ್ಮಿಗನೂರುಗಳ ಸಂತೆಗಳಿಗೂ ಇಂಥ ಹೆಸರುಗಳು ಬರುತ್ತವೆ. ಹಳೆಯ ಮೂರು ಹೆಸರುಗಳ ಪಕ್ಕದಲ್ಲಿ ಅವಕ್ಕೂ ಜಾಗವಾಗುತ್ತದೆ. ಬರೆದಿಡಬೇಕಾದ್ದು ಆ ಮೂರನ್ನೂ, ಅವುಗಳ ಜೊತೆಗೆ ಬಂದುದನ್ನೂ.